ಮದ್ದು ಪೂರ್ತಿ ಹೋಯ್ತಾ?

ನಾನು ನಿಂತಿದ್ದು ಮಲಗಿದ್ದ ಆನೆಯ ಬೆನ್ನಿನ ಕಡೆ, ಅದರ ಕಿವಿ ಕೈಗೆಟುಕುವಷ್ಟು ಹತ್ತಿರ, ನೀರಿನ ಕೊಡ ಹಿಡಿದುಕೊಂಡು. ಜಾಗ, ಗಾಳಿಬೀಡಿನ ಆಚೆಗಿನ ಒಂದು ಎಸ್ಟೇಟು. ಕಳೆದ ವರ್ಷ ಕಾಫಿ ಕೊಯ್ಲು ಮುಗಿಯುತ್ತ ಬಂದಿದ್ದ ದಿನಗಳು. ಬೆಳಗಿನ ಮಂಜು ಆಗಷ್ಟೇ ಹರಿದಿತ್ತು. ಎದುರುಗಡೆ, ಕಾಲುಗಳ ಕಡೆಗೆ, ನನ್ನ ಸಹಪಾಠಿ ಮಂಡಿಯೂರಿ ಕೂತಿದ್ದ. ಎಡಗೈಯನ್ನು ಸೊಂಡಿಲ ತುದಿಗೆ ಒಡ್ಡಿದ್ದ. ಆನೆ ಉಸಿರು ಬಿಟ್ಟಾಗೆಲ್ಲ ಅವನ ಸಡಿಲ ಅಂಗಿತೋಳು ಉಬ್ಬಿ, ಮತ್ತೆ ಇಳಿಯುತ್ತಿತ್ತು. ಅವನು ಆನೆಯನ್ನಲ್ಲ, ಉಸಿರೆಣಿಸುತ್ತ ಆ ತೋಳನ್ನೇ ನೋಡುತ್ತಿದ್ದ.

ಅವನು ಸತ್ತ ಬಗೆಯ ಬಗ್ಗೆ ಊರಿನಲ್ಲಿ ಒಂದು ಮಾತು ಓಡಾಡುತ್ತಿದೆ. ನಿದ್ದೆ ಮಾಡುತ್ತಿದ್ದ ಆನೆಯ ಪಕ್ಕ ಫೋಟೋಕ್ಕೆ ಕೂತು ಹೊತ್ತು ಕಳೆದನಂತೆ, ನಿದ್ದೆ ಮದ್ದಿನ ಅಳತೆಯಲ್ಲಿ ತಪ್ಪಿದನಂತೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನಗೆ ಅವನ ಮೇಲೆ ಹೊಟ್ಟೆಕಿಚ್ಚಿತ್ತು. ಈಗಲೂ ಇದೆ. ಅವನ ತಪ್ಪು ಏನಾದರೂ ಇದ್ದಿದ್ದರೆ ಮೊದಲು ನನ್ನ ಕಣ್ಣಿಗೇ ಬೀಳುತ್ತಿತ್ತು.

ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು. ಅವನು ಆನೆ ಡಾಕ್ಟರಾದ, ನಾನು ದನದ ಡಾಕ್ಟರಾದೆ. ನಾನು ಹಸುವಿನ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿ ಅಡ್ಡ ತಿರುಗಿದ ಕರುವನ್ನು ಎಳೆದು ಹೊರತೆಗೆದರೆ, ಮನೆಯವರು ಕಾಫಿ ಕೊಡುತ್ತ "ನಿಮ್ಮ ಫ್ರೆಂಡು ಆನೆ ಡಾಕ್ಟ್ರು ಹೇಗಿದ್ದಾರೆ?" ಎಂದು ಕೇಳುತ್ತಿದ್ದರು. ನನ್ನ ತಾಯಿಯೇ ಪತ್ರಿಕೆಯಲ್ಲಿ ಬಂದ ಅವನ ಚಿತ್ರವನ್ನು ಕತ್ತರಿಸಿ ಇಟ್ಟುಕೊಂಡಿದ್ದಳು. ಅವನು ಮನೆಗೆ ಬಂದರೆ ಕಡುಬು. ನನಗೆ ನಿನ್ನೆಯ ರೊಟ್ಟಿ.

ಎಲ್ಲಕ್ಕಿಂತ ಹೆಚ್ಚು ಉರಿಸುತ್ತಿದ್ದುದು ಅವನ ಕಾಯುವ ಗುಣ. ಆ ಗಂಡಾನೆಯ ಮುಂಗಾಲಿಗೆ ಹಂದಿಗೆಂದು ಒಡ್ಡಿದ ತಂತಿಯ ಉರುಳು ಬಿಗಿದು ಮಾಂಸದೊಳಗೆ ಇಳಿದಿತ್ತು. ಅವನು ನನ್ನನ್ನೂ ನೆರವಿಗೆ ಕರೆದುಕೊಂಡಿದ್ದ. ನಾವು ಹೋದಾಗ ಅದು ಎಸ್ಟೇಟಿನ ಕೆರೆಯಂಚಿನಲ್ಲಿ ನಿಂತು ಕಾಲಿಗೆ ಕೆಸರು ಎರಚಿಕೊಳ್ಳುತ್ತಿತ್ತು. ಅವನು ನಿದ್ದೆ ಮದ್ದಿನ ಬಂದೂಕನ್ನು ಮಡಿಲಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಕೂತುಬಿಟ್ಟ.

"ಎಂತ ಡಾಕ್ಟ್ರೇ, ಮುಹೂರ್ತ ನೋಡ್ತಿದ್ದೀರಾ?" ಎಂದರು ಎಸ್ಟೇಟಿನ ಮಾಲೀಕರು.

"ಹೌದು ಸಾರ್. ಗಂಡು ಕೆರೆ ಬಿಟ್ಟು ಬರ್ಲಿ. ಈಗ ಹೊಡೆದ್ರೆ ನಿದ್ದೇಲಿ ನೀರಿಗೇ ಬೀಳ್ತದೆ. ಆಮೇಲೆ ಎತ್ತಲಿಕ್ಕೆ ನೀವು ಇಳೀತೀರಾ?"

ಎಲ್ಲರೂ ನಕ್ಕರು, ಮಾಲೀಕರೂ. ನಾನು ಹೇಳಿದ್ದರೆ ಯಾರೂ ನಗುತ್ತಿರಲಿಲ್ಲ.

ಆನೆ ಕೆರೆ ಬಿಟ್ಟು ಬಯಲಿಗೆ ಬಂದ ಮೇಲೆ, ಮಾಲೀಕರನ್ನೂ ಉಳಿದವರನ್ನೂ ಬಂಗಲೆಗೆ ಕಳಿಸಿಯೇ ಹೊಡೆದ. ಅದು ತೂಕಡಿಸಿ ಎದೆಯೂರಿ ಕುಸಿಯಿತು. ಹಾಗೆ ಬಿದ್ದರೆ ಆನೆಗೆ ತನ್ನ ಭಾರವೇ ಉಸಿರು ಕಟ್ಟಿಸುತ್ತದೆ. ಆನೆ ಶಿಬಿರದಿಂದ ತಂದಿದ್ದ ಸಾಕಾನೆಯಿಂದ ಮಾವುತ ಬೊಮ್ಮ ಅದನ್ನು ಪಕ್ಕಕ್ಕೆ ಹೊರಳಿಸಿದ. ಸಹಪಾಠಿ ಅದರ ಕಣ್ಣಿಗೆ ಒದ್ದೆ ಗೋಣಿ ಮುಚ್ಚಿ, ನನ್ನ ರಟ್ಟೆ ಹಿಡಿದು ಬೆನ್ನಿನ ಕಡೆ ನಿಲ್ಲಿಸಿದ. "ಕಿವಿಗೆ ನೀರು ಹಾಕ್ತಾ ಇರು. ಏಳುವಾಗ ಕಾಲಿನ ಕಡೆಗೇ ಹೊರಳ್ತದೆ. ನೀ ಈಚೆ ಬರ್ಬೇಡ."

ಗಾಯದ ಸುತ್ತ ಮರಗಟ್ಟಿಸುವ ಮದ್ದು ಕೊಟ್ಟು, ತಂತಿ ಕತ್ತರಿಸಿ ತೆಗೆದ. ಗಾಯ ತೊಳೆದ. ಕೊನೆಗೆ ನೋವಿನ ಮದ್ದನ್ನು ಸಿರಿಂಜಿಗೆ ಏರಿಸಿಕೊಂಡು ಭುಜದ ಹತ್ತಿರ ಕೂತ. ಸ್ವಲ್ಪ ಸ್ವಲ್ಪವಾಗಿ, ಬೇರೆ ಬೇರೆ ಕಡೆ ಚುಚ್ಚುತ್ತಿದ್ದ. ಒಂದೇ ಕಡೆ ಸುರಿದರೆ ಅದೇ ಇನ್ನೊಂದು ನೋವು ಎನ್ನುತ್ತಿದ್ದ.

"ಮಲಗಿದೆಯಲ್ಲೋ, ಅದಕ್ಕೆಲ್ಲಿ ಗೊತ್ತಾಗ್ತದೆ?" ಎಂದೆ ನಾನು.

"ನಿದ್ದೆ ಬೇರೆ, ನೋವಿಲ್ಲದಿರೋದು ಬೇರೆ ಮಾರಾಯ. ಎಚ್ಚರ ಆದ್ಮೇಲೆ ಮಾತ್ರೆ ಹಿಡ್ಕೊಂಡು ಇದರ ಹಿಂದೆ ಕಾಡಿಗೆ ನೀ ಹೋಗ್ತೀಯಾ?"

ಆಗಲೇ ಗೇಟಿನ ಕಡೆ ಪಟಾಕಿ ಸಿಡಿಯಿತು. ಗೇಟಿನಾಚೆ ಹೆಣ್ಣಾನೆಯೊಂದು ಮರಿಯೊಂದಿಗೆ ಬಂದು ನಿಂತಿತ್ತು. ಆನೆ ಕಂಡರೆ ಪಟಾಕಿ ಹಚ್ಚುವುದು ವಾಚರ್ ಸುಬ್ಬಯ್ಯನ ದಿನನಿತ್ಯದ ಕೆಲಸ. ಸದ್ದು ಮಾಡಬೇಡಿ ಎಂದು ಬೆಳಿಗ್ಗೆಯೇ ಹೇಳಿದ್ದರೂ, ಅವನ ಕೈ ಅಭ್ಯಾಸದಂತೆ ನಡೆದುಹೋಯಿತು. ಆ ಮದ್ದಿನ ನಿದ್ದೆ ಅಂಥದ್ದು. ಅಳತೆ ಸರಿಯಿದ್ದರೂ ದೊಡ್ಡ ಸದ್ದಿಗೆ ಒಡೆಯುತ್ತದೆ. ಆನೆ ಸಹಪಾಠಿ ಹೇಳಿದ ಕಡೆಗೇ ಹೊರಳಿ ಎದ್ದಿತು. ಅವನಿಗೆ ಓಡಲು ಸಮಯವಿತ್ತು ಎಂದು ಈಗ ಹೇಳುವವರು ಯಾರೂ ಆಗ ಅಲ್ಲಿರಲಿಲ್ಲ. ಸೊಂಡಿಲು ಬೀಸಿದ್ದನ್ನು ನಾನು ಕಂಡೆ. ಅವನು ಸಿಲ್ವರ್ ಓಕ್ ಮರದ ಬುಡಕ್ಕೆ ಹೋಗಿ ಬಿದ್ದ. ಆನೆ ಅವನ ಮೇಲೆ ಹೋಗಲಿಲ್ಲ, ತಿರುಗಿಯೂ ನೋಡಲಿಲ್ಲ. ತೂರಾಡುತ್ತ ಗಿಡಗಳ ನಡುವೆ ಮರೆಯಾಯಿತು. ಬೆನ್ನಿನ ಕಡೆ ನಿಂತಿದ್ದ ನನ್ನ ಕೊಡದ ನೀರು ಕೂಡ ಚೆಲ್ಲಿರಲಿಲ್ಲ.

ಜೀಪಿನಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ಮಡಿಕೇರಿಯ ಏರು ಹತ್ತುವಾಗ ಕಣ್ಣು ಬಿಟ್ಟ.

"ಮದ್ದು ಪೂರ್ತಿ ಹೋಯ್ತಾ?"

ಸಿರಿಂಜು ಬೊಮ್ಮನ ಕೈಯಲ್ಲಿತ್ತು, ಬಿದ್ದಲ್ಲಿಂದ ಹೆಕ್ಕಿಕೊಂಡಿದ್ದ. ಅವನು ಅದನ್ನು ಬೆಳಕಿಗೆ ಹಿಡಿದ. ಖಾಲಿಯಿತ್ತು.

"ಪೂರ್ತಿ ಹೋಗಿದೆ ಸಾರ್," ಎಂದ.

ಸಹಪಾಠಿಯ ಮುಖ ಸಡಿಲವಾದುದನ್ನು ನೋಡಿದೆ. ಆ ಹೊತ್ತಿನಲ್ಲೂ ನನಗೆ ಹೊಟ್ಟೆಕಿಚ್ಚಾಯಿತು. ಸಾಯುವಾಗ ಕೇಳಲು ನನ್ನಲ್ಲಿ ಇಂಥದೊಂದು ಪ್ರಶ್ನೆ ಇರುವುದಿಲ್ಲ ಎನ್ನಿಸಿತು. ಆಸ್ಪತ್ರೆ ಮುಟ್ಟುವ ಮೊದಲೇ ಅವನು ಹೋಗಿಬಿಟ್ಟ.

ಈಗ ಬಾಲ ಮುರಿದ ಎಮ್ಮೆಯಾಗಲಿ, ಕೊಂಬು ಕಿತ್ತುಹೋದ ಎತ್ತಾಗಲಿ, ಕೆಲಸ ಮುಗಿದ ಮೇಲೂ ನಾನು ನೋವಿನ ಮದ್ದು ಏರಿಸಿಕೊಂಡು ಕೂರುತ್ತೇನೆ. "ಇವರಿಗೂ ಆನೆ ಡಾಕ್ಟ್ರ ಚಾಳಿ ಬಂತು" ಎನ್ನುತ್ತಾರೆ ಜನ. ನನ್ನ ಕೈಯ ಕೆಲಸಕ್ಕೂ ಅವನದೇ ಹೆಸರು.

ಇದನ್ನೆಲ್ಲ ಕಂಡವರಲ್ಲಿ ಈಗ ಇರುವವರು ಇಷ್ಟು: ಸಾಕಾನೆಯ ಮೇಲಿಂದ ನೋಡಿದ ಮಾವುತ ಬೊಮ್ಮ, ಗೇಟಿನಿಂದ ನೋಡಿದ, ಅಂದಿನಿಂದ ಪಟಾಕಿ ಮುಟ್ಟದ ವಾಚರ್ ಸುಬ್ಬಯ್ಯ, ಮತ್ತು ಅವನು ನಿಲ್ಲಿಸಿದ ಜಾಗದಲ್ಲೇ ನಿಂತಿದ್ದ ನಾನು. ಅನುಮಾನವಿದ್ದವರು ಮೂವರನ್ನೂ ಬೇರೆ ಬೇರೆ ಕೂರಿಸಿ ಕೇಳಬಹುದು. ಆ ಗಂಡಾನೆಯೂ ಇದೆ. ಮೊನ್ನೆ ಬೊಮ್ಮ ಅದನ್ನು ಹೊಳೆಯ ಹತ್ತಿರ ಕಂಡನಂತೆ. "ಡಾಕ್ಟ್ರ ಆನೆ ಕಾಲೂರಿ ನಡೀತದೆ ಸಾರ್," ಎಂದ, ನನ್ನ ಮುಖ ನೋಡಿಕೊಂಡೇ. ಯಾವ ಡಾಕ್ಟರು ಎಂದು ನಾನು ಕೇಳಲಿಲ್ಲ.