ಅತ್ತೆ ಬೇರೆಯವರ ಸ್ಕೂಟರ್ ಹತ್ತಿದ್ದು

ಲಾಕ್‌ಡೌನ್ ಶುರುವಾಗುವ ಹೊತ್ತಿಗೆ ನಮ್ಮತ್ತೆ ಕಣ್ಣು ತೋರಿಸಿಕೊಳ್ಳಲೆಂದು ತುಮಕೂರಿನ ನಮ್ಮ ಮನೆಗೆ ಬಂದಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ತೋರಿಸಿಕೊಂಡು ಮಾರನೆಯ ದಿನವೇ ಹೊರಡುವ ಲೆಕ್ಕಾಚಾರ. ಗುಬ್ಬಿ ಹತ್ತಿರದ ಹಳ್ಳಿಯಲ್ಲಿ ಅವರಿಗೆ ತೆಂಗಿನ ತೋಟವಿದೆ, ಎಮ್ಮೆಗಳಿವೆ, ತೋಟ ನೋಡಿಕೊಳ್ಳುವ ಮೈದುನನ ಸಂಸಾರವಿದೆ, ಬೈಯುವುದಕ್ಕೆ ಬೇಕಾದಷ್ಟು ಜನರಿದ್ದಾರೆ. ತುಮಕೂರಿನಲ್ಲಿ ಬೈಯುವುದಕ್ಕೆ ಸಿಗುತ್ತಿದ್ದವಳು ನಾನೊಬ್ಬಳೇ. ಅಷ್ಟರಲ್ಲಿ ಬಸ್ಸು ನಿಂತಿತು, ಕಣ್ಣಿನ ಆಸ್ಪತ್ರೆಯೂ ಬಾಗಿಲು ಹಾಕಿತು. ರಸ್ತೆಗಳಿಗೆ ಡ್ರಮ್ಮು, ಬ್ಯಾರಿಕೇಡು ಅಡ್ಡ ಬಂದವು. ಪೊರೆಯೂ ಹಾಗೇ ಉಳಿಯಿತು, ಅತ್ತೆಯೂ ಉಳಿದರು.

ನಾನು ಹೈಸ್ಕೂಲ್ ಟೀಚರ್. ಫೋನು ಹಿಡಿದುಕೊಂಡು ಆನ್‌ಲೈನ್ ಪಾಠ ಮಾಡುವುದನ್ನು ಆಗಷ್ಟೇ ಕಲಿಯುತ್ತಿದ್ದೆ. ಅತ್ತೆಯ ಕಣ್ಣಿಗೆ ಅದು ಇಡೀ ದಿನ ಫೋನ್ ನೋಡುತ್ತ ಒಬ್ಬಳೇ ಮಾತಾಡಿಕೊಳ್ಳುವ ಕಾಯಿಲೆಯಂತೆ ಕಾಣುತ್ತಿತ್ತು. ನಮ್ಮ ಯಜಮಾನರ ಕಾಯಿಲೆ ಬೇರೆ. ಅವರು ಸಿಕ್ಕಿದ್ದನ್ನೆಲ್ಲ ತೊಳೆಯುತ್ತಿದ್ದರು. ಹಾಲಿನ ಪ್ಯಾಕೆಟ್ಟಿಗೆ ಸ್ನಾನ, ಟೊಮೇಟೊಗೆ ಉಪ್ಪುನೀರು, ಬಾಗಿಲ ಚಿಲಕಕ್ಕೆ ಸ್ಯಾನಿಟೈಸರು. ನ್ಯೂಸ್‌ಪೇಪರನ್ನು ಇಸ್ತ್ರಿ ಮಾಡಿ ಓದುತ್ತಿದ್ದರು. ಒಂದು ದಿನ ಕೊತ್ತಂಬರಿ ಸೊಪ್ಪನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ಉಜ್ಜಿಬಿಟ್ಟರು. ಅವತ್ತು ಸಾರು ಒಲೆಯ ಮೇಲೆ ನೊರೆ ಕಟ್ಟಿ ಉಕ್ಕಿತು. ಅತ್ತೆ ತಟ್ಟೆಯನ್ನು ಮೂಗಿನ ಹತ್ತಿರ ತಂದುಕೊಂಡು, "ಇದೇನ್ ಸಾರೋ, ಬಟ್ಟೆ ನೆನಾಕಿದ್ದೋ?" ಎಂದರು. ತೊಳೆದದ್ದು ಮಗ, ಬೈಸಿಕೊಂಡದ್ದು ನಾನು.

ಯಜಮಾನರು ಮೊದಲ ಸಲ ಮಾಸ್ಕ್ ಅನ್ನು ಕೈಗೆ ಕೊಟ್ಟಾಗ ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಕುಕ್ಕೆ ತಂದಿದೀಯೇನ್ಲಾ ನಂಗೆ?"

ರಾಗಿ ಕಣದಲ್ಲಿ ತುಳಿಯುವ ಎತ್ತು ತೆನೆಗೆ ಬಾಯಿ ಹಾಕಬಾರದೆಂದು ಅದರ ಮೂತಿಗೆ ಕಟ್ಟುವ ಬಲೆಯೇ ಕುಕ್ಕೆ. "ಎತ್ತು ತಿನ್ನಬಾರ್ದು ಅಂತ ಕಟ್ತಿದ್ವಿ. ನಾನು ಯಾರ್ ಕಣದಾಗೆ ತಿಂದೆ?" ಎಂದು ಮಗನನ್ನು ಕೇಳಿದರು. ಅವರಿಗೆ ಎಲೆಅಡಿಕೆಯ ಅಭ್ಯಾಸ ಬೇರೆ. ಮಾಸ್ಕ್ ಕಟ್ಟಿದ ಮೇಲೆ ಉಗಿಯುವುದೆಲ್ಲಿಗೆ ಎಂಬ ಅವರ ಪ್ರಶ್ನೆಗೆ ಟೀವಿಯಲ್ಲಿ ದಿನವಿಡೀ ಮಾತಾಡುತ್ತಿದ್ದ ಯಾವ ಡಾಕ್ಟರೂ ಉತ್ತರ ಹೇಳಲಿಲ್ಲ. ಕೊನೆಗೆ ನಾನು ಬ್ಲೌಸ್ ಪೀಸಿನಲ್ಲಿ ಒಂದು ಮೆತ್ತನೆಯ ಮಾಸ್ಕ್ ಹೊಲಿದುಕೊಟ್ಟೆ. ಅದನ್ನು ಅವರು ಬೈಯುವಾಗ ಗಲ್ಲಕ್ಕೆ ಇಳಿಸುತ್ತಿದ್ದರು, ಸುಮ್ಮನಿರುವಾಗ ಮೇಲೆ ಎಳೆದುಕೊಳ್ಳುತ್ತಿದ್ದರು. ಹೀಗಾಗಿ ಅದು ಬಹಳ ದಿನ ಹೊಸದರಂತೆಯೇ ಇತ್ತು.

ಆಗ ತರಕಾರಿ ಮಾರ್ಕೆಟ್ಟನ್ನು ಊರೊಳಗಿನಿಂದ ಎತ್ತಿ ಒಂದು ದೊಡ್ಡ ಮೈದಾನಕ್ಕೆ ಹಾಕಿದ್ದರು. ಬೆಳಗ್ಗೆ ಸ್ವಲ್ಪ ಹೊತ್ತು ಮಾತ್ರ ವ್ಯಾಪಾರ. ನಾನು ತಂದ ಬದನೆಕಾಯಿಯಲ್ಲಿ ಒಂದು ದಿನ ಹುಳ ಸಿಕ್ಕಿತು. "ಇವ್ಳು ಬದನೆಕಾಯಿ ಆರ್ಸಲ್ಲ, ಹುಳ ಆರ್ಸ್ಕೊಂಡ್ ಬರ್ತಾಳೆ. ನಾಳೆ ನಾನೇ ಹೋಗ್ತೀನಿ" ಎಂದು ಅತ್ತೆ ಘೋಷಿಸಿದರು. ಹಿರಿಯರು ಹೊರಗೆ ಹೋಗಬಾರದು, ಪೊಲೀಸರು ಕೇಳುತ್ತಾರೆ ಎಂದು ಯಜಮಾನರು ಗೋಗರೆದರು. "ಕೇಳ್ಲಿ. ಬದನೆಕಾಯಿಗೆ ಬಂದಿವ್ನಿ ಅಂತೀನಿ. ಸುಳ್ಳಾ?"

ಸ್ಕೂಟರಿನಲ್ಲಿ ಇಬ್ಬರಿಗಿಂತ ಹೆಚ್ಚು ಕೂರುವಂತಿರಲಿಲ್ಲ. ಯಜಮಾನರು ಮೊದಲು ನನ್ನನ್ನು ಬಿಟ್ಟು, ಮತ್ತೆ ಹೋಗಿ ಅವರಮ್ಮನನ್ನು ತಂದರು. ತಾವು ಮಾತ್ರ ಒಳಗೆ ಕಾಲಿಡಲಿಲ್ಲ. ಗೇಟಿನಾಚೆ ಹೊಂಗೆಮರದ ಕೆಳಗೆ, ಮಾಸ್ಕಿನ ಮೇಲೊಂದು ಮಾಸ್ಕ್, ಅದರ ಮೇಲೆ ಹೆಲ್ಮೆಟ್ ಹಾಕಿಕೊಂಡು ನಿಂತರು. ಬಿಟ್ಟ ಉಸಿರೆಲ್ಲ ಮೇಲಕ್ಕೇ ಹೋಗಿ ಕನ್ನಡಕ ಮಂಜಾಗುತ್ತಿತ್ತು. ಅದನ್ನು ತೆಗೆದು ಒರೆಸುವುದೇ ಅವರ ಕೆಲಸ.

ಗೇಟಿನಲ್ಲಿ ಯಾರೋ ಪುಣ್ಯಾತ್ಮರು ಬಂದವರಿಗೆಲ್ಲ ಒಂದೇ ಥರದ ನೀಲಿ ಮಾಸ್ಕ್ ಹಂಚುತ್ತಿದ್ದರು. ಅತ್ತೆ ಅದನ್ನೂ ಇಸಿದುಕೊಂಡು ಬ್ಲೌಸ್ ಪೀಸಿನ ಮೇಲೆಯೇ ಹಾಕಿಕೊಂಡರು. ಒಳಗೆ ಹೋದರೆ ನೆಲದ ತುಂಬ ಸುಣ್ಣದ ಪುಡಿಯ ವೃತ್ತಗಳು, ವೃತ್ತಕ್ಕೊಬ್ಬರು. "ಕುಂಟೆಬಿಲ್ಲೆ ಆಡುಸ್ತವ್ರಾ?" ಎಂದು ಅತ್ತೆ ಯಾವ ವೃತ್ತಕ್ಕೂ ಸೇರದೆ ನೇರ ಬದನೆಕಾಯಿಯ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತರು.

"ಅಜ್ಜಿ, ಮುಟ್ಬೇಡಿ. ಕೈ ತೋರ್ಸಿ, ನಾವೇ ಹಾಕ್ತೀವಿ" ಎಂದ ವ್ಯಾಪಾರಿ.

ಅತ್ತೆ ಎರಡೂ ಮಾಸ್ಕ್ ಒಟ್ಟಿಗೆ ಇಳಿಸಿದರು. "ನಾನ್ ತಿನ್ನೋ ಬದ್ನೆಕಾಯಿ ನಾನ್ ಮುಟ್ದಲೆ ನಿಮ್ಮವ್ವ ಬಂದ್ ಮುಟ್ತಾಳಾ?"

ಆತ ಬುಟ್ಟಿ ಈಚೆಗೆ ತಳ್ಳಿದ. ಹೀಗೆ ಬದನೆಕಾಯಿ, ನುಗ್ಗೆಕಾಯಿ ಮುಗಿಸಿ, "ನೀನು ಹುರುಳಿಕಾಯಿ ತಗೊಂಡ್ ಬಾ, ನಾನ್ ಗಾಡಿತಾವ ಇರ್ತೀನಿ" ಎಂದು ಚೀಲ ಹಿಡಿದು ಹೊರಟರು. ನಾನು ಸಭ್ಯಳಂತೆ ನನ್ನ ವೃತ್ತದಲ್ಲೇ ನಿಂತಿದ್ದೆ. ಸರದಿ ಬಂದು, ಹುರುಳಿಕಾಯಿ ತೆಗೆದುಕೊಂಡು ಹೊರಗೆ ಬಂದರೆ ಯಜಮಾನರು ಕನ್ನಡಕ ಒರೆಸುತ್ತ ಒಬ್ಬರೇ ನಿಂತಿದ್ದಾರೆ.

"ರೀ, ಅಮ್ಮ ಎಲ್ಲಿ?"

"ನಿನ್ ಜೊತೆ ಇದ್ರಲ್ಲ?"

ಅತ್ತೆಯ ಫೋನು ಮನೆಯಲ್ಲಿ ಚಾರ್ಜಿಗಿತ್ತು. ಮತ್ತೆ ಒಳಗೆ ಓಡಿದೆ. ಮೈದಾನದಲ್ಲಿ ಬಿಳಿ ಕೂದಲು, ಹಸಿರು ಸೀರೆ, ನೀಲಿ ಮಾಸ್ಕಿನ ಹೆಂಗಸರು ಎಷ್ಟೊಂದು ಜನರಿದ್ದರೆಂದರೆ, ಗೇಟಿನಲ್ಲಿ ಮಾಸ್ಕಿನ ಜೊತೆ ಅತ್ತೆಯನ್ನೂ ಹಂಚಿಬಿಟ್ಟರೇನೋ ಅನ್ನಿಸಿತು. ಯಾರನ್ನೂ ಹತ್ತಿರ ಹೋಗಿ ನೋಡುವಂತಿಲ್ಲ. ದೂರದಿಂದ ಕಣ್ಣು ಕಿರಿದು ಮಾಡಿ ನೋಡಿದರೆ ಅವರೂ ಹಾಗೇ ನೋಡುತ್ತಾರೆ. ಅಷ್ಟರಲ್ಲಿ ಗೇಟಿನ ಕಂಬಕ್ಕೆ ಒರಗಿ ನಿಂತಿದ್ದ ಒಬ್ಬ ಮುದುಕಿಯ ಮುಂದೆ ಯಜಮಾನರು ಸ್ಕೂಟರ್ ನಿಲ್ಲಿಸಿ, "ಅಮ್ಮಾ!" ಎಂದು ಕೂಗಿದ್ದು ಕೇಳಿಸಿತು.

"ಯಾಕ್ಲಾ ಇಷ್ಟೊತ್ತು? ನನ್ ಕಾಲ್ ಬಿದ್ದೋದ್ವು" ಎನ್ನುತ್ತ ಆ ಮುದುಕಿ ಚೀಲವನ್ನು ಅವರ ಕಾಲ ಬಳಿ ಇಟ್ಟು ಹಿಂದೆ ಕೂರಲು ಹೋದರು. ಧ್ವನಿ ಕೇಳಿ ಯಜಮಾನರು ಬೆಚ್ಚಿಬಿದ್ದು, ತಿಂಗಳಿಂದ ಕಾಪಾಡಿಕೊಂಡು ಬಂದಿದ್ದ ಎಲ್ಲ ಶಿಸ್ತನ್ನೂ ಮರೆತು ಮಾಸ್ಕ್ ಕಿತ್ತರು. ಆಕೆಯೂ ಕಿತ್ತರು. ಇಬ್ಬರೂ ಒಬ್ಬರನ್ನೊಬ್ಬರು ಜನ್ಮದಲ್ಲಿ ನೋಡಿರಲಿಲ್ಲ.

"ನೀನ್ಯಾರಪ್ಪ?"

ಅವರು ಕುಣಿಗಲ್ ಕಡೆಯವರು. ಮಾರ್ಕೋನಹಳ್ಳಿ ಹತ್ತಿರ ಊರು. ಗಂಡ ಹೆಂಡತಿ ಇಬ್ಬರೂ ಮಗನ ಮನೆಗೆ ಬಂದು ನಮ್ಮ ಅತ್ತೆಯಂತೆಯೇ ಸಿಕ್ಕಿಕೊಂಡಿದ್ದರು. ಮಗನ ಮನೆ ಗೂಳೂರಿನ ದಾರಿಯಲ್ಲಿತ್ತು. ಅವನದೂ ಬಿಳಿ ಸ್ಕೂಟರಂತೆ, ಅದೇ ಹೊಂಗೆಮರದ ಆಚೆ ಬದಿಗೆ ನಿಂತಿತ್ತಂತೆ. "ಆಗ್ಲೇ ಅವನ್ ಥರದ್ದೇ ಗಾಡಿ ಹೋಗಿದ್ ನೋಡ್ದೆ. ಹಿಂದ್ಗಡೆ ಯಾರೋ ಹೆಂಗ್ಸು ಕೂತಿದ್ರು. ಸರಿ, ಬೇರೆ ಯಾರೋ ಅಂದ್ಕೊಂಡೆ" ಎಂದವರು ಸ್ವಲ್ಪ ಯೋಚಿಸಿ, "ಅಂಗಾರೆ ನಿಮ್ಮಮ್ಮನ್ನ ನನ್ ಮಗ ಕರ್ಕೊಂಡೋದ" ಎಂದರು. ನನಗಿಂತ ಬೇಗ ಅರ್ಥ ಮಾಡಿಕೊಂಡಿದ್ದರು.

ಅವರ ಫೋನಿನಿಂದ ಮಗನಿಗೆ ಮಾಡಿದರೆ ರಿಂಗಾಯಿತು, ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಮಾಡಿದ. "ಅಮ್ಮಾ, ನೀನೆಲ್ಲಿದೀಯ? ನನ್ ಗಾಡಿಲಿ ಯಾರೋ ಇದಾರೆ!" ಅವನ ಹಿಂದಿನಿಂದ ನಮ್ಮತ್ತೆಯ ಧ್ವನಿ ಸ್ಪಷ್ಟವಾಗಿ ಬಂತು. "ಯಾರೋ ಅಂತೀಯಲ್ಲ, ನೀನ್ಯಾರ್ಲಾ ಮೊದ್ಲು?"

ಆತ ಅತ್ತೆಯನ್ನು ವಾಪಸ್ ಕರೆತಂದ. ಗೇಟಿನ ಮುಂದೆ ಐವರೂ ದೂರ ದೂರ ನಿಂತು ಕಥೆ ಕೇಳಿದೆವು. ಆತ ನಗುತ್ತಲೇ ಹೇಳಿದ. ಅತ್ತೆ ಹತ್ತಿ ಕೂತ ಕ್ಷಣದಿಂದ ಸೊಸೆಯ ವಿಷಯ ಶುರು ಮಾಡಿದ್ದರಂತೆ. ನಿನ್ನೆಂಡ್ರು ಹೊತ್ತೇರೋವರೆಗೂ ಮಲಗ್ತಾಳೆ, ನಿನ್ನೆಂಡ್ರು ಮಾಡೋ ಮುದ್ದೆ ತುಂಬ ಗಂಟು, ನಿನ್ನೆಂಡ್ರು ಹುಳ ಇರೋ ಬದ್ನೆಕಾಯಿ ತರ್ತಾಳೆ. ಆತ ಎಲ್ಲದಕ್ಕೂ ಹೂಂ ಅಂದನಂತೆ.

"ಅನುಮಾನನೇ ಬರ್ಲಿಲ್ವ?" ಎಂದು ಕೇಳಿದೆ.

"ಇಲ್ಲ ಮೇಡಂ. ನಮ್ಮಮ್ಮನೂ ಇದನ್ನೇ ಹೇಳೋದು" ಎಂದ. ಅವರಮ್ಮ ಆಕಾಶ ನೋಡಿದರು.

ಅತ್ತೆಗೂ ಅನುಮಾನ ಬಂದಿರಲಿಲ್ಲ. ದಾರಿ ಬೇರೆಯಾಗಿದ್ದು ಗೊತ್ತಾಗಿತ್ತು, ಆದರೆ ದಿನಕ್ಕೊಂದು ರಸ್ತೆ ಮುಚ್ಚುತ್ತಿದ್ದ ಕಾಲದಲ್ಲಿ ಮಗ ಯಾವುದೋ ಸುತ್ತುದಾರಿ ಹಿಡಿದಿದ್ದಾನೆ ಅಂದುಕೊಂಡಿದ್ದರು. ಕುಣಿಗಲ್ ರಸ್ತೆಗೆ ಬಂದ ಮೇಲೆ ಅವರು ನಿಟ್ಟುಸಿರು ಬಿಟ್ಟು, "ನಿಮ್ಮಪ್ಪ ಹೋದ್ಮೇಲೆ ನನ್ ಮಾತ್ ಯಾರ್ ಕೇಳ್ತೀರ ಬುಡು" ಎಂದರಂತೆ.

ಆತ ರಸ್ತೆ ನಡುವೆ ಬ್ರೇಕ್ ಹಾಕಿದ. ಬೆಳಗ್ಗೆ ಹೊರಡುವಾಗ ಅವನಪ್ಪ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಆ ದಿನಗಳಲ್ಲಿ ಸಾವಿನ ಸುದ್ದಿ ಎಲ್ಲಿಂದ ಯಾವಾಗ ಬರುತ್ತದೋ ಹೇಳುವಂತಿರಲಿಲ್ಲ. ಅಮ್ಮನಿಗೆ ಮಾರ್ಕೆಟ್ಟಿನಲ್ಲಿ ಫೋನ್ ಬಂದಿರಬೇಕು, ಹೇಗೆ ಹೇಳುವುದೆಂದು ತಿಳಿಯದೆ ಹೆಂಡತಿಯ ವಿಷಯ ಎತ್ತಿರಬೇಕು ಎಂದು ಅವನಿಗನ್ನಿಸಿತಂತೆ.

"ಅಪ್ಪಂಗೇನಾಯ್ತಮ್ಮ?" ಎಂದು ಅಳುವ ಧ್ವನಿಯಲ್ಲಿ ಕೇಳಿದ.

"ಏನಾಯ್ತು ಅಂದ್ರೆ? ಸತ್ತು ಯಾವ ಕಾಲ ಆಯ್ತು. ವರ್ಷವರ್ಷ ತಿಥಿ ಮಾಡ್ತಿರೋನು ನೀನೇ ಅಲ್ವೇನ್ಲಾ?"

ಆಗ ಆತ ಹೆಲ್ಮೆಟ್ ತೆಗೆದು ಹಿಂದಕ್ಕೆ ತಿರುಗಿದ್ದ.

ಇದನ್ನು ಕೇಳಿ ಮೊದಲು ನಕ್ಕವರು ಕುಣಿಗಲ್ಲಿನಾಕೆ. ಸೆರಗನ್ನು ಮಾಸ್ಕಿನ ಮೇಲೆ ಒತ್ತಿಕೊಂಡು ನಕ್ಕರು. "ನಮ್ಮನೆಯವ್ರಿಗೆ ತಿಥಿ ಮಾಡಿಸ್ಬುಟ್ಯಲ್ಲ ತಾಯಿ!" ಅತ್ತೆಯೂ ನಕ್ಕರು. ನಾನು ಮಾತ್ರ ನಗಬೇಕೋ ಬೇಡವೋ ತಿಳಿಯದೆ ಹುರುಳಿಕಾಯಿ ಹಿಡಿದು ನಿಂತಿದ್ದೆ. ನನ್ನ ಮುದ್ದೆಯ ಗಂಟಿನ ವಿಷಯ ಗೂಳೂರು ದಾರಿಯವರೆಗೂ ಹೋಗಿಬಂದಿತ್ತಲ್ಲ. ಹೊರಡುವಾಗ ಆತ ನನ್ನತ್ತ ನೋಡಿ, "ಬೇಜಾರ್ ಮಾಡ್ಕೋಬೇಡಿ ಮೇಡಂ, ನಾನು ಸುಮ್ನೆ ಹೂಂ ಅಂದಿದ್ದು" ಎಂದ. ಮನೆಗೆ ಬಂದ ಮೇಲೆ ಯಜಮಾನರು ಅವರಮ್ಮನನ್ನು ಬಚ್ಚಲಿಗೆ ಕಳಿಸಿ, ಚೀಲ, ಚಪ್ಪಲಿ, ಸ್ಕೂಟರು ಎಲ್ಲ ತೊಳೆದರು. ಬದನೆಕಾಯಿಯಲ್ಲಿ ಹುಳ ಇರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಅಂದಿನಿಂದ ಅತ್ತೆಗೂ ಕುಣಿಗಲ್ಲಿನಾಕೆಗೂ ಫೋನಿನಲ್ಲಿ ಸ್ನೇಹ ಬೆಳೆಯಿತು. ಸಂಜೆ ಕಾಫಿ ಕುಡಿದ ಮೇಲೆ ಒಬ್ಬರು ಇನ್ನೊಬ್ಬರಿಗೆ ಮಾಡುತ್ತಿದ್ದರು. ಅತ್ತೆ ವರಾಂಡದಲ್ಲಿ ಕೂತು, ನನಗೆ ಕೇಳಿಸಬಾರದೆಂದು ದನಿ ತಗ್ಗಿಸಿ, ಪಕ್ಕದ ಮನೆಯವರಿಗೂ ಕೇಳಿಸುವಷ್ಟು ಜೋರಾಗಿ ನನ್ನ ವಿಷಯ ಹೇಳುತ್ತಿದ್ದರು. ಆ ಕಡೆಯಿಂದ ಇನ್ನೊಬ್ಬ ಸೊಸೆಯ ಸಮಾಚಾರ ಬರುತ್ತಿತ್ತು. ಬಸ್ಸು ಶುರುವಾಗಿ ಅತ್ತೆ ಗುಬ್ಬಿಗೆ ಹೋದ ಮೇಲೂ ಅದು ನಿಲ್ಲಲಿಲ್ಲ.

ಮರುವರ್ಷ ಅತ್ತೆ ಪೊರೆ ತೆಗೆಸಿಕೊಳ್ಳಲು ಮತ್ತೆ ಬಂದರು. ಆಪರೇಷನ್ ಆಗಿ ಸ್ವಲ್ಪ ದಿನಕ್ಕೆ ಎರಡನೇ ಅಲೆ ಬಂತು. ಈ ಸಲ ಯಾರೂ ಅಷ್ಟಾಗಿ ನಗುತ್ತಿರಲಿಲ್ಲ. ನಮ್ಮ ಬೀದಿಯಲ್ಲೇ ಆಂಬುಲೆನ್ಸ್ ಬಂದು ಹೋಗುತ್ತಿತ್ತು. ಅತ್ತೆಯೂ ಮಾಸ್ಕನ್ನು ಗಲ್ಲಕ್ಕೆ ಇಳಿಸುವುದನ್ನು ಬಿಟ್ಟಿದ್ದರು.

ಒಂದು ಸಂಜೆ ನನ್ನ ಫೋನಿಗೆ ಕುಣಿಗಲ್ಲಿನಾಕೆಯ ಕರೆ ಬಂತು. ನನಗೆ ಅವರೆಂದೂ ಮಾಡಿದವರಲ್ಲ.

"ನೋಡವ್ವ, ನಿಮ್ಮತ್ತೆಗೆ ಏನೋ ಆಗೈತೆ. ಒಂದ್ ಕಿತ ಡಾಕ್ಟ್ರಿಗೆ ತೋರ್ಸು."

"ಯಾಕಮ್ಮ? ಚೆನ್ನಾಗೇ ಇದಾರಲ್ಲ?"

"ನಿನ್ನೆನೂ ಇವತ್ತೂ ನಿನ್ನ ಒಂದ್ ಮಾತೂ ಬೈಲಿಲ್ಲ ಕಣವ್ವ. ಸಾರು ಎಂಗಿತ್ತು ಅಂದ್ರೆ ಚೆನ್ನಾಗಿತ್ತು ಅಂದ್ಲು."

ಹೌದು, ಎರಡು ದಿನದಿಂದ ತಟ್ಟೆ ಖಾಲಿ ಮಾಡಿ ಮಾತಿಲ್ಲದೆ ಎದ್ದು ಹೋಗುತ್ತಿದ್ದರು. ಕಡೆಗೂ ನನ್ನ ಅಡುಗೆ ಹಿಡಿಸಿತಲ್ಲ ಎಂದು ನಾನು ಬೀಗುತ್ತಿದ್ದೆ. ಹೋಗಿ ಕೇಳಿದರೆ ಮೊದಲು ಏನಿಲ್ಲ ಅಂದರು. ಆಮೇಲೆ ಗೋಡೆ ಕಡೆ ತಿರುಗಿ, "ಬಾಯ್ಗೆ ಏನೂ ಗೊತ್ತಾಯ್ತಿಲ್ಲ. ಹೇಳಿದ್ರೆ ಎತ್ತಾಕ್ಕೊಂಡ್ ಹೋಗ್ತಾರೆ ಅಂತ ಸುಮ್ಕಿದ್ದೆ" ಎಂದರು. ಹಣೆ ಮುಟ್ಟಿದರೆ ಸುಡುತ್ತಿತ್ತು.

ಟೆಸ್ಟಿನಲ್ಲಿ ಪಾಸಿಟಿವ್ ಬಂತು. ಬೇಗ ತಿಳಿದದ್ದು ಒಳ್ಳೆಯದಾಯಿತು, ಮನೆಯಲ್ಲೇ ಇರಲಿ, ಆಕ್ಸಿಜನ್ ನೋಡುತ್ತಿರಿ ಎಂದು ಡಾಕ್ಟರು ಹೇಳಿದರು. ಅತ್ತೆಯನ್ನು ಒಳಕೋಣೆಯಲ್ಲಿ ಮಲಗಿಸಿದೆವು. ನಾನು ತಟ್ಟೆಯನ್ನು ಹೊಸ್ತಿಲ ಬಳಿ ಇಟ್ಟು ಬರುತ್ತಿದ್ದೆ. ಯಜಮಾನರು ಬಾಗಿಲಾಚೆ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. ಆ ದಿನಗಳಲ್ಲಿ ಅವರು ಏನನ್ನೂ ತೊಳೆಯಲಿಲ್ಲ. ಕೋಣೆಯೊಳಗಿನಿಂದ ಫೋನ್ ಸ್ಪೀಕರಿನಲ್ಲಿ ಕುಣಿಗಲ್ಲಿನಾಕೆಯ ಧ್ವನಿ ಕೇಳುತ್ತಿತ್ತು. ಅತ್ತೆ ಮಾತಾಡಲಾರದಾಗ ಆಕೆಯೇ ಎರಡೂ ಕಡೆಯ ಸೊಸೆಯರನ್ನು ಬೈಯುತ್ತಿದ್ದರು. ನನ್ನನ್ನು ಬೈಯುವಾಗ ನಾನೇ ಬಾಗಿಲ ಬಳಿ ನಿಂತು, ಬೈಯಲಿ ದೇವರೇ ಅಂದುಕೊಂಡಿದ್ದೇನೆ.

ಜ್ವರ ಬಿಟ್ಟ ಮೇಲೂ ನಾಲಗೆ ಬಹಳ ದಿನ ಸತ್ತಂತೆಯೇ ಇತ್ತು. ಒಂದು ಮಧ್ಯಾಹ್ನ ಕೋಣೆಯಿಂದ ಕೂಗು ಬಂತು. "ಏನೇ ಇದು, ಉಪ್ಪಿನ ಡಬ್ಬನೇ ಬೋರ್ಲಾಕಿದೀಯ?" ನಾನೂ ಯಜಮಾನರೂ ಮುಖ ಮುಖ ನೋಡಿಕೊಂಡೆವು. ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಆದರೆ ಉಪ್ಪು ಸರಿಯಾಗಿಯೇ ಇತ್ತು ಎಂದು ಇವತ್ತಿಗೂ ವಾದಿಸುತ್ತೇನೆ.

ಎಲ್ಲ ತಣ್ಣಗಾದ ಮೇಲೆ, ಸ್ನೇಹಿತರೊಬ್ಬರ ಕಾರು ಕೇಳಿ ತಂದು, ಊರಿಗೆ ಮರಳಿದ್ದ ಕುಣಿಗಲ್ಲಿನಾಕೆಯನ್ನು ನೋಡಲು ಅತ್ತೆಯನ್ನು ಕರೆದುಕೊಂಡು ಹೋದೆವು. ಕುಣಿಗಲ್ ದಾಟಿ ಮಾರ್ಕೋನಹಳ್ಳಿಯ ಕಡೆ ಹೋಗುವಾಗ ಕಾಲುವೆಯ ಪಕ್ಕದಲ್ಲಿ ಭತ್ತ ಹಸಿರಾಗಿತ್ತು. ಅವರ ಮನೆ ಮುಂದೆ ಇಳಿದರೆ ಜಗಲಿಯ ಮೇಲೆ ಒಬ್ಬ ಅಜ್ಜಿ, ಒಬ್ಬ ಅಜ್ಜ. ಅತ್ತೆ ಹೊಸ ಕಣ್ಣಿನಲ್ಲಿ ಅಜ್ಜಿಯನ್ನು ಮೇಲಿಂದ ಕೆಳಗೆ ನೋಡಿದರು.

"ನಿನ್ ಮುಖ ಇಂಗೈತಾ? ಫೋನಾಗೆ ವಯ್ಸು ಕಮ್ಮಿ ಅನ್ಸಿತ್ತಲ್ಲ."

"ನಿನ್ದೇನ್ ಕಡ್ಮೆನಾ?" ಎಂದು ಆಕೆ ಕೈ ಹಿಡಿದು ಮೇಲಕ್ಕೆ ಎಳೆದುಕೊಂಡರು. ಅಜ್ಜ ಕಾಫಿ ಲೋಟ ಹಿಡಿದು, "ನನ್ ತಿಥಿ ಮಾಡ್ಸಿದ್ದು ನೀವೇಯಾ?" ಎಂದು ಕೇಳಿದರು.

ಊಟವಾಯಿತು. ಮುದ್ದೆಯಲ್ಲಿ ಒಂದೂ ಗಂಟಿರಲಿಲ್ಲ. ಮಾಡಿದ್ದು ಯಾರೆಂದು ನಾನು ಕೇಳಲಿಲ್ಲ. ಹೊರಡೋಣವೆಂದರೆ ಅತ್ತೆ ಕಾಲು ನೀಡಿ ಕೂತುಬಿಟ್ಟಿದ್ದರು. "ನೀವ್ ಹೋಗ್ರಪ್ಪ. ನಾನ್ ನಾಕ್ ದಿನ ಇದ್ದು ಬರ್ತೀನಿ" ಎಂದರು. ಎಲೆಅಡಿಕೆ ತಟ್ಟೆ ಆಗಲೇ ಇಬ್ಬರ ನಡುವೆ ಬಂದಿತ್ತು.

ಕಾರು ತಿರುಗಿಸುವಾಗ ಯಜಮಾನರು ಕನ್ನಡಿಯಲ್ಲಿ ನೋಡಿ, "ಆಗ್ಲೇ ಶುರು ಮಾಡಿದ್ರು" ಎಂದರು. ತಿರುಗಿ ನೋಡಿದೆ. ಇಬ್ಬರೂ ತಲೆ ಹತ್ತಿರ ತಂದುಕೊಂಡು, ನಮ್ಮ ಕಾರನ್ನೇ ನೋಡುತ್ತ ಏನೋ ಹೇಳಿಕೊಂಡು ನಗುತ್ತಿದ್ದರು. ನಾನು ಕಿಟಕಿಯಿಂದ ಕೈ ಬೀಸಿದೆ.