ಐದನೆಯ ಕಂಬ

ಮಟ್ಟುವಿನ ಗುಳ್ಳ ಬದನೆಯ ಗದ್ದೆಗಳ ಅಂಚಿನಲ್ಲಿರುವ ಪ್ರೆಸಿಲ್ಲಾ ಅವರ ಮನೆಯ ವಯಸ್ಸನ್ನು ಅದರ ಮರಮುಟ್ಟುಗಳೇ ಹೇಳುತ್ತವೆ. ಚಾವಡಿಯ ನಾಲ್ಕು ಮೂಲೆಯ ಕಂಬಗಳು ಮುಳಿಹುಲ್ಲಿನ ಮಾಡು ಇದ್ದ ಕಾಲದವು. ನಡುವಿನ ಐದನೆಯದು 1978ರದ್ದು. ಹುಲ್ಲು ತೆಗೆದು ಹಂಚು ಹೊದಿಸಿದಾಗ ಹೆಚ್ಚಿದ ಭಾರಕ್ಕೆಂದು ಅದನ್ನು ಆಧಾರವಾಗಿ ಕೊಟ್ಟರು. ಹಿಂದಿನ ಕಾಂಕ್ರೀಟಿನ ಅಡುಗೆಮನೆಗೆ ಇನ್ನೂ ಇಪ್ಪತ್ತು ತುಂಬಿಲ್ಲ.

ಐದನೆಯ ಕಂಬ ನಿಲ್ಲಿಸಿದವರು ಬಡಗಿ ವಿಠಲ ಆಚಾರ್ಯರು. ಆಗ ಅವರಿಗೆ ಇಪ್ಪತ್ತೆರಡು, ಈಗ ಅರವತ್ತೆಂಟು. ಮರ ಬೆಳೆದ ಹಾಗೆಯೇ ಮನೆಯಲ್ಲೂ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ ಎಂಬುದು ಅವರು ತಂದೆಯಿಂದ ಕಲಿತ ಮೊದಲ ನಿಯಮ. ಹಲಸಿನ ದಿಮ್ಮಿಯನ್ನು ಚೌಕ ಮಾಡಿ ಬುಡಕ್ಕೆ ಸುಣ್ಣದ ಗುರುತು ಹಾಕಿದ್ದರು. ಮಳೆಗೆ ಅದು ತೊಳೆದುಹೋಯಿತು. ನಡುವಿಗೆ ಹಗ್ಗ ಕಟ್ಟಿ ತೂಗಿ ನೋಡಿದ್ದರೆ, ಭಾರವಾದ ಬುಡ ಕೆಳಗೆ ವಾಲಿ ಯಾವುದೆಂದು ತಿಳಿಯುತ್ತಿತ್ತು. ನೋಡಲಿಲ್ಲ. ಹಂಚು ಏರಿದ ಮೇಲೆ, ಕಂಬದಲ್ಲಿದ್ದ ಕೊಂಬೆಯ ಗಂಟು ಕೆಳಮುಖವಾಗಿರುವುದು ಕಣ್ಣಿಗೆ ಬಿತ್ತು; ಬುಡ ಮೇಲಾಗಿತ್ತು. ಯಾರಿಗೂ ಹೇಳಲಿಲ್ಲ.

ಈ ವರ್ಷ ಪ್ರೆಸಿಲ್ಲಾ ಅವರ ಮಗಳು ಡೈನಾಳ ಮದುವೆ. ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರ ಚಾವಡಿಯಲ್ಲೇ ಆಗಬೇಕೆಂದು ಪ್ರೆಸಿಲ್ಲಾ ವಿಠಲರನ್ನು ಕರೆಸಿದರು.

“ಈ ನಡುಗಂಬ ತೆಗೆದುಬಿಡಿ ಆಚಾರ್ರೇ. ಜನ ಕೂರಲಿಕ್ಕೆ ಜಾಗ ಬೇಕಲ್ವಾ?”

ತೆಗೆದರೆ ತಪ್ಪೂ ಅದರ ಜೊತೆಗೇ ಹೋಗುತ್ತಿತ್ತು. ವಿಠಲರು ಏಣಿ ಹತ್ತಿ ಕಂಬಕ್ಕೂ ತೊಲೆಗೂ ನಡುವೆ ಒಂದು ಕಾಗದದ ಚೂರು ತೂರಿಸಲು ನೋಡಿದರು. ನಾಲ್ಕು ಬದಿಯಲ್ಲೂ ಅದು ಒಳಗೆ ಹೋಗಲಿಲ್ಲ. ಇಳಿದು ಬಂದರು.

“ತೆಗೆಯಲಿಕ್ಕೆ ಆಗುದಿಲ್ಲ ಪ್ರೆಸಿಲ್ಲಾ ಬಾಯಿ. ಮಾಡಿನ ಭಾರ ಇದರ ಮೇಲೆ ಉಂಟು.” ಕಂಬ ತೋರಿಸಿ ಹೇಳಿದರು, “ಇನ್ನೊಂದು ವಿಷಯ ಉಂಟು. ಇದನ್ನು ನಾನು ತಲೆಕೆಳಗೆ ನಿಲ್ಲಿಸಿದ್ದೇನೆ.”

“ಎಂತ? ನಲವತ್ತಾರು ವರ್ಷ ಶೀರ್ಷಾಸನವಾ?” ಪ್ರೆಸಿಲ್ಲಾ ಕೇಳಿದರು.

ಅಲ್ಲೇ ನಿಂತಿದ್ದ ಡೈನಾ ನಕ್ಕಳು. “ಅದಕ್ಕೇ ಆಚಾರ್ರೇ, ನೀವು ಬಂದಾಗಲೆಲ್ಲ ಇದಕ್ಕೆ ಬೆನ್ನು ಹಾಕಿ ಚಾ ಕುಡಿಯುದು!”

“ಬಿದ್ದಿಲ್ಲವಲ್ಲ ಮಾರಾಯ್ರೇ, ಇರಲಿ ಬಿಡಿ,” ಎಂದರು ಪ್ರೆಸಿಲ್ಲಾ.

“ಬಿದ್ದಿಲ್ಲ. ಆದರೆ ಸರಿ ಇಲ್ಲ. ಒಂದು ದಿನ ಕೊಡಿ.”

ಮರುದಿನ ಎರಡು ಜಾಕ್ ಕೊಟ್ಟು ತೊಲೆಯನ್ನು ಅರ್ಧ ಬೆರಳಿನಷ್ಟು ಎತ್ತಿ, ಕಂಬವನ್ನು ಬಿಡಿಸಿದರು. ಈ ಸಲ ಸರಿಯಾಗಿ ಮಧ್ಯಕ್ಕೆ ಹಗ್ಗ ಕಟ್ಟಿ ತೂಗಿದರು. ಇಷ್ಟು ವರ್ಷ ಮೇಲಿದ್ದ ಕೊನೆ ನಿಧಾನವಾಗಿ ಕೆಳಗೆ ವಾಲಿತು. ನೆಲಕ್ಕೆ ತಾಗಿದ್ದ ಕೊನೆಯನ್ನು ಒಂದು ಗೇಣಿನಷ್ಟು ಗೆದ್ದಲು ತಿಂದಿತ್ತು. ಹೊರಗಿನಿಂದ ಅದು ಯಾರಿಗೂ ಕಂಡಿರಲಿಲ್ಲ. ವಿಠಲರು ಆ ಗೇಣನ್ನು ಕೊಯ್ದು ತೆಗೆದರು, ಅಷ್ಟೇ ಎತ್ತರದ ಕಗ್ಗಲ್ಲನ್ನು ಅಡಿಗಿಟ್ಟರು, ಬುಡ ಕೆಳಗೆ ಮಾಡಿ ಕಂಬ ನಿಲ್ಲಿಸಿದರು. ಜಾಕ್ ಇಳಿಸಿ ಮತ್ತೆ ಕಾಗದ ತೂರಿಸಲು ನೋಡಿದರು. ಹೋಗಲಿಲ್ಲ.

ರೋಸ್ ದಿನ ಡೈನಾಳ ಕುರ್ಚಿಯನ್ನು ಆ ಕಂಬಕ್ಕೆ ಒರಗಿಸಿಯೇ ಇಟ್ಟರು. ಜನ ಎರಡೂ ಬದಿಗೆ ಹಂಚಿ ಕೂತರು. ಚಾ ಹಿಡಿದು ಬಂದ ವಿಠಲರು ಒಂದು ಸ್ಟೂಲು ಎಳೆದುಕೊಂಡು, ಕಂಬಕ್ಕೆ ಮುಖ ಮಾಡಿ ಕುಳಿತರು.