ನಾನು ಕುಡಿಯದ ಹಾಲು

ಎರಡು ಸಾವಿರದ ದಶಕದ ನಡುವಿನ ಎರಡು ವರ್ಷ ನನ್ನ ಕೆಲಸವೆಂದರೆ ಊರೂರಿಗೆ ಹೋಗಿ ಹೇಲು ಒಳ್ಳೆಯದು ಎಂದು ಹೇಳುವುದಾಗಿತ್ತು. ಆಫೀಸಿನ ಕಾಗದದಲ್ಲಿ ಅದಕ್ಕೆ ‘ಸಂಸ್ಕರಿಸಿದ ಕೊಳಚೆ ಗೊಬ್ಬರ’ ಎಂಬ ಮಡಿ ಹೆಸರಿತ್ತು. ಹಿಂದೂಪುರದ ಹೊರಗೆ ಒಂದು ವಸತಿ ಕಾಲೊನಿಯ ಚರಂಡಿ ನೀರು ಶುದ್ಧ ಮಾಡುವ ಘಟಕವಿತ್ತು. ತಳದಲ್ಲಿ ನಿಂತ ಕೆಸರನ್ನು ಕೊಳೆಸಿ, ಮರಳಿನ ಹಾಸಿನ ಮೇಲೆ ತಿಂಗಳುಗಟ್ಟಲೆ ಒಣಗಿಸಿದರೆ ಅದು ಕಪ್ಪಗೆ ಪುಡಿಪುಡಿಯಾಗುತ್ತಿತ್ತು. ಅದನ್ನು ಲಾರಿಯಲ್ಲಿ ಕಲ್ಯಾಣದುರ್ಗದ ಕಡೆ ಸಾಗಿಸಿ, ಮೇವಿನ ಹುಲ್ಲಿಗೆ ಹಾಕಿಸಿ, ಹುಲ್ಲು ಎಷ್ಟು ಬೆಳೆಯಿತೆಂದು ಅಳೆದು ಬರೆದುಕೊಳ್ಳಬೇಕು. ನಾನು ಹಿಂದೂಪುರದವನು, ಕಲ್ಯಾಣದುರ್ಗದಲ್ಲಿ ರೂಮು ಮಾಡಿಕೊಂಡಿದ್ದೆ. ಮಾತು ಚೆನ್ನಾಗಿ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಸಿಕ್ಕಿದ ಕೆಲಸ. ಅರ್ಧ ಕನ್ನಡ, ಅರ್ಧ ತೆಲುಗು ಬೆರೆಸಿ, ಎದುರಿಗಿದ್ದವರು ತಲೆಯಾಡಿಸುವವರೆಗೆ ಬಿಡುತ್ತಿರಲಿಲ್ಲ.

ತಲೆಯಾಡಿಸಿದವರು ಬಹಳ, ಗೊಬ್ಬರ ಇಳಿಸಿಕೊಂಡವರು ಒಬ್ಬರೇ. ಕುಂದುರ್ಪಿ ಹತ್ತಿರದ ಒಂದು ಹಳ್ಳಿಯ ಹೆಂಗಸು. ಎರಡು ಸೀಮೆ ಹಸು, ಬೋರ್‌ವೆಲ್ ಪಕ್ಕ ಅರ್ಧ ಎಕರೆ ಹುಲ್ಲು, ದಿನಾ ಹಾಲು ಕೊಡುವ ಹನ್ನೆರಡು ಮನೆ. ಆಕೆಯ ಸಂಸಾರ ನಡೆಯುತ್ತಿದ್ದುದೇ ಅದರಿಂದ.

“ಹಾಲ್ಗೆ ಏನೂ ಬರಾಕಿಲ್ವಾ ಸಾರ್?” ಎಂದು ಕೇಳಿದಳು.

“ಹುಲ್ಲಿಗೆ ಹಾಕಿದ್ದು ಹಾಲಿಗೆ ಬರಲ್ಲ ಕಣಮ್ಮ. ಗೊಬ್ಬರ ಚೆಲ್ಲಿದ ಮೇಲೆ ಒಂದು ತಿಂಗಳು ಹುಲ್ಲು ಕೊಯ್ಬೇಡ, ದನ ಬಿಡಬೇಡ, ಅಷ್ಟೇ.”

“ನೀವಾದ್ರೆ ಕುಡೀತೀರಾ?”

“ಚೊಂಬು ತುಂಬ ಕುಡೀತೀನಿ” ಎಂದೆ. ನನಗೆ ಮಾತಿಗೇನು ಬರ.

ಆಕೆ ಆ ತಿಂಗಳನ್ನು ವ್ರತದಂತೆ ಪಾಲಿಸಿದಳು. ಅಣ್ಣನ ಮನೆಯಿಂದ ಶೇಂಗಾ ಹೊಟ್ಟನ್ನು ತಲೆಯ ಮೇಲೆ ಹೊತ್ತು ತಂದು ಹಸುಗಳನ್ನು ಸಾಕಿದಳು. ಒಂದು ದಿನ ಯಾರದೋ ಮೇಕೆ ಬೇಲಿ ನುಗ್ಗಿ ಹುಲ್ಲಿಗೆ ಬಾಯಿ ಹಾಕಿತು. ಆಕೆ ಅದನ್ನು ಅಟ್ಟಿಸಿಕೊಂಡು ಓಡಿದಳು. ಒಂದು ಬಾಯಿ ತಿಂದರೆ ಏನೂ ಆಗಲ್ಲ ಬಿಡಮ್ಮ ಎಂದು ನಾನು ನಕ್ಕೆ. “ನೀವೇ ಹೇಳಿದ್ದಲ್ವಾ ಸಾರ್. ತಿಂಗ್ಳು ಅಂದ್ರೆ ತಿಂಗ್ಳು” ಎಂದಳು. ಆಮೇಲೆ ಹುಲ್ಲು ಆಳೆತ್ತರ ಬೆಳೆಯಿತು, ಹಸುಗಳು ಕಣ್ಣಿಗೆ ಕಾಣುವಷ್ಟು ಮೈ ತುಂಬಿಕೊಂಡವು. ಆ ಹುಲ್ಲಿನ ಮುಂದೆ ನಿಂತು ನಾನೇ ಬೆಳೆಸಿದವನಂತೆ ಫೋಟೊ ತೆಗೆಸಿಕೊಂಡೆ.

ಆ ಊರಿನಲ್ಲಿ ಆಕೆಯೊಬ್ಬಳನ್ನು ಬಿಟ್ಟರೆ ಬೇರೆಯವರಿಗೆ ಅದು ಯಾವ ಗೊಬ್ಬರ ಎಂದು ಗೊತ್ತಿರಲಿಲ್ಲ. ಲಾರಿ ಡ್ರೈವರ್ ಟೀ ಅಂಗಡಿಯಲ್ಲಿ ಬಾಯಿ ಬಿಟ್ಟ. ಮುಂದಿನ ಶನಿವಾರ ಬೆಳಗ್ಗೆ ನಾನು ಹೋದಾಗ ಆಕೆಯ ಮನೆ ಮುಂದೆ ಜನ ಖಾಲಿ ಪಾತ್ರೆ ಹಿಡಿದು ನಿಂತಿದ್ದರು. ಕ್ಯಾನಿನ ತುಂಬ ಹಾಲಿತ್ತು. ಯಾರೂ ಹಾಕಿಸಿಕೊಳ್ಳುತ್ತಿರಲಿಲ್ಲ.

ಅವರಲ್ಲಿದ್ದ ಒಬ್ಬ ಮುದುಕ ನನ್ನನ್ನು ಕಂಡು, “ಸಾರೇ ಬಂದ್ರಲ್ಲ. ಆಯಪ್ಪ ಒಂದ್ ಲೋಟ ಕುಡುದ್ಬುಟ್ರೆ ನಾವೂ ತಕಂತೀವಿ. ಅದ್ರಾಗೇನೈತೆ” ಎಂದ. ನ್ಯಾಯವಾದ ಮಾತು. ಆಕೆಯ ಮುಖ ಅರಳಿತು. ಒಳಗೆ ಓಡಿ, ಹಾಲು ಕಾಯಿಸಿ, ಸಕ್ಕರೆ ಹಾಕಿ, ಸ್ಟೀಲ್ ಲೋಟದ ತುಂಬ ತಂದಳು.

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದು ಹಾಲು, ಬರೀ ಹಾಲು. ಅದು ನನಗೆ ಅಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಲೋಟ ಹತ್ತಿರ ಬಂದಾಗ ಹಿಂದೂಪುರದ ಆ ಒಣಗುವ ಹಾಸಿನ ವಾಸನೆ ಮೂಗಿಗೆ ಬಂದುಬಿಟ್ಟಿತು. ಲೋಟಕ್ಕೆ ಕೈಯಡ್ಡ ಹಿಡಿದೆ.

“ಇವತ್ತು ಶನಿವಾರ ಅಲ್ವಾ. ನಂದು ಒಪ್ಪೊತ್ತು” ಎಂದೆ.

ಬಸ್ ಸ್ಟ್ಯಾಂಡಿನಲ್ಲಿ ತಿಂದ ಎರಡು ಪ್ಲೇಟ್ ಉಗ್ಗಾಣಿ ಇನ್ನೂ ಹೊಟ್ಟೆಯಲ್ಲೇ ಇತ್ತು. ಆ ಮುದುಕ, “ಒಪ್ಪೊತ್ತು ಇರೋರು ಹಾಲೇ ಅಲ್ವೇನಪ್ಪ ಕುಡಿಯಾದು?” ಎಂದ. ಕೊಂಕಿಗೆ ಕೇಳಿದ್ದಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದ್ದು. ನಾನು ಹರಕೆ, ಹಾಲೂ ಮುಟ್ಟುವಂತಿಲ್ಲ ಎಂದು ಏನೇನೋ ತೆಲುಗಿನಲ್ಲಿ ಗೊಣಗಿದೆ. ಊರಿಗೆಲ್ಲಾ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿತ್ತಂತೆ. ನಾನು ಬಿದ್ದದ್ದನ್ನು ಅಷ್ಟೂ ಜನ ನೋಡಿದರು.

ಆಕೆ ನನ್ನ ಮುಖ ನೋಡಲಿಲ್ಲ. “ಬಲವಂತ ಮಾಡ್ಬ್ಯಾಡಿ, ದೇವ್ರ ಇಸ್ಯ” ಎಂದು ಅವರಿಗೆ ಹೇಳಿ, ಆ ಲೋಟದ ಹಾಲನ್ನು ತಾನೇ ಕುಡಿದಳು. ಜನ ಖಾಲಿ ಪಾತ್ರೆಗಳೊಂದಿಗೆ ಒಬ್ಬೊಬ್ಬರೇ ಹೊರಟರು. ಆಗಲಾದರೂ ಕೂಗಿ ನಿಲ್ಲಿಸಬಹುದಿತ್ತು, ಕ್ಯಾನಿನಿಂದ ಬಗ್ಗಿಸಿಕೊಂಡು ಕುಡಿಯಬಹುದಿತ್ತು. ಅಷ್ಟು ಹೊತ್ತು ಇತ್ತು. ನಾನು ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟೆ. ಹೇಡಿ ಎನ್ನುವುದಕ್ಕಿಂತ ಬೇರೆ ಮಾತು ನನಗೆ ಇವತ್ತಿಗೂ ಸಿಕ್ಕಿಲ್ಲ.

ಹನ್ನೆರಡು ಮನೆಯಲ್ಲಿ ಒಂದೂ ಉಳಿಯಲಿಲ್ಲ. ಹಾಲಿನ ವ್ಯಾನಿನವನೂ ಬೇಡವೆಂದ. ಎರಡು ತಿಂಗಳೊಳಗೆ ಹಸುಗಳನ್ನು ಕಲ್ಯಾಣದುರ್ಗದ ಸಂತೆಗೆ ಹೊಡೆದು, ಆಕೆ ಬೇರೆಯವರ ಹೊಲದಲ್ಲಿ ಶೇಂಗಾ ಕೀಳಲು ಹೋಗತೊಡಗಿದಳು.

ಪ್ರಯೋಗ ನಿಂತುಹೋಯಿತೆಂಬ ಕಾಗದಕ್ಕೆ ಆಕೆಯ ರುಜು ಬೇಕಿತ್ತು. ಮತ್ತೆ ಹೋದೆ. ಹುಲ್ಲನ್ನು ಉತ್ತು ಹಾಕಿದ್ದರು. ಕಾರಣ ಏನು ಬರೆದಿದ್ದೀರಿ ಎಂದು ಆಕೆ ಕೇಳಿದಳು. “ಜನಕ್ಕೆ ತಿಳುವಳಿಕೆ ಸಾಲದು ಅಂತ” ಎಂದೆ. ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡು, “ಅದೂ ದಿಟವೇ ಬಿಡಿ ಸಾರ್” ಎಂದು ತೆಲುಗು ಅಕ್ಷರದಲ್ಲಿ ನಿಧಾನವಾಗಿ ರುಜು ಹಾಕಿಕೊಟ್ಟಳು. ಆ ಕಾಗದವನ್ನು ಹರಿದು ಬೇರೆ ಬರೆಯುವ ಧೈರ್ಯವೂ ನನಗಿರಲಿಲ್ಲ.

ಎದ್ದು ಹೊರಡುವಾಗ ಕೂರಿಸಿ, ಟೀ ತಂದಿಟ್ಟಳು. ನನ್ನ ಕೈ ಮುಂದೆ ಹೋಗದ್ದು ಕಂಡು, “ಕುಡೀರಿ ಸಾರ್. ಅಂಗಡಿ ಪಾಕೀಟು ಹಾಲು ಹಾಕಿವ್ನಿ” ಎಂದಳು.

ದನಿಯಲ್ಲಿ ಕುಹಕ ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಇರಲಿಲ್ಲ. ಮಡಿವಂತ ನೆಂಟನಿಗೆ ಹೇಳುವಂತೆ ಹೇಳಿದಳು. ನಾನು ಲೋಟ ತೆಗೆದುಕೊಂಡು ಕುಡಿದೆ.